ಬಸಲಿಂಗವ್ವ ಓ ಅನ್ನದ ಹೆಸರು

ಈ ಪರದೇಶದ ಡೈಮಂಡ್ ಬಾರ್ ಊರಿನ ನಮ್ಮ ಬೀದಿಯಲ್ಲಿ ಬಸಲಿಂಗವ್ವನಿಗೆ ಕನ್ನಡದಲ್ಲಿ ಮಾತಾಡಲು ಇದ್ದವಳು ನಾನೊಬ್ಬಳೇ. ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ನಮ್ಮ ಮನೆಗೆ ಬಂದು ಕೂರುತ್ತಿದ್ದಳು. ಹಟ್ಟಿ ಚಿನ್ನದ ಗಣಿ ಕಡೆಯವಳು, ಎಪ್ಪತ್ತನಾಲ್ಕು ವರ್ಷ. ಮಾತು ಎಲ್ಲಿ ಶುರುವಾದರೂ ಅವಳ ತಾಯಿಯ ತಾಯಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ಆ ಅಜ್ಜಿ ಹರೆಯದಲ್ಲಿ ಗಣಿಯ ದೊರೆಯೊಬ್ಬನ ಬಂಗಲೆಯಲ್ಲಿ ಕೆಲಸಕ್ಕಿದ್ದಳು. ಅವನಿಂದ ಒಂದು ಹೆಣ್ಣುಮಗು ಆಯಿತು. ಗಣಿ ಮುಚ್ಚಿತು, ದೊರೆ ಹಡಗು ಹತ್ತಿದ. ಅವನ ಹೆಸರನ್ನು ಅಜ್ಜಿ ಯಾರಿಗೂ ಹೇಳಲಿಲ್ಲ. ಆ ಮಗುವೇ ಬಸಲಿಂಗವ್ವನ ತಾಯಿ. ಬೆಕ್ಕಿನ ಕಣ್ಣು, ಬಿಳಿ ಮೈ. ಬಸಲಿಂಗವ್ವ ಮಾತ್ರ ತಂದೆಯ ಬಣ್ಣ.

"ಅಜ್ಜಿ ನಮ್ಮಕ್ಕನ್ನ ಹೆಸರ ಹಿಡದು ಕರೀತಿದ್ಲು. ನನಗ ಮಾತ್ರ ಕರಿಯಾದ್, ಬಾ ಇಲ್ಲಿ ಕರಿಯಾದ್. ಕರ್ರಗ ಹುಟ್ಟಿದ್ದು ನನ್ನ ತಪ್ಪೇನ್ರೀ ಸಾವಿತ್ರಕ್ಕ?"

ಆ ಕರೆಗೆ ಅವಳು ಒಮ್ಮೆಯೂ ಓ ಅನ್ನಲಿಲ್ಲ. ಅಜ್ಜಿ ಸಾಯುವಾಗ "ಕರಿಯಾದ್ ಎಲ್ಲಿ?" ಎಂದು ಕೇಳಿದಳಂತೆ. ಲಿಂಗಸೂಗೂರಿನ ಗಂಡನ ಮನೆಯಿಂದ ಬಸ್ಸಿಗೆ ಒಂದು ತಾಸು. ಇವಳು ಹೋಗಲಿಲ್ಲ.

"ಆಕಿಗೆ ನಾ ಬೇಕಾಗಿದ್ನೋ ಬ್ಯಾಡಾಗಿದ್ನೋ, ಅದೊಂದು ಗೊತ್ತಾಗಿದ್ರ ಸಾಕಿತ್ತು," ಎನ್ನುತ್ತಿದ್ದಳು. ನಾನು ಕೇಳುತ್ತಿದ್ದೆ.

ಎರಡು ಸಾವಿರದ ಇಪ್ಪತ್ತೆರಡರಲ್ಲಿ ಅವಳ ಮೊಮ್ಮಗಳು ಮೇಘಾ ಡಿಎನ್‌ಎ ಟೆಸ್ಟಿನ ಡಬ್ಬಿ ತರಿಸಿದಳು. ಕೊಳವೆಯೊಳಗೆ ಉಗುಳಿ ಅಂಚೆಗೆ ಹಾಕಿದರೆ ವಂಶ ತಿಳಿಯುತ್ತದಂತೆ. ಬಸಲಿಂಗವ್ವ ಕೊಳವೆ ಹಿಡಿದು ಬಹಳ ಹೊತ್ತು ಕೂತಳು.

"ಊರಾಗ ಎಲಿ ಅಡಿಕಿ ತಿಂದು ಓಣಿ ತುಂಬ ನನ್ನ ವಂಶ ಉಗುಳಿ ಬಂದೀನಿ. ಇಲ್ಲಿ ನೋಡಿದ್ರ ಒಂದು ಹನಿ ಬರವಲ್ದು."

ಆರು ವಾರಕ್ಕೆ ಉತ್ತರ ಬಂತು. ಅವಳ ರಕ್ತದ ನಾಲ್ಕರಲ್ಲೊಂದು ಪಾಲು ವೇಲ್ಸ್‌ನದು. ಇಂಗ್ಲೆಂಡಿಗೆ ಅಂಟಿಕೊಂಡ ಗುಡ್ಡಗಾಡು ನಾಡಂತೆ ಅದು, ಅಲ್ಲಿನವರಿಗೆ ಬೇರೆಯೇ ಭಾಷೆ. ರಕ್ತ ಹೊಂದುವ ಹೆಂಗಸೊಬ್ಬಳ ಹೆಸರೂ ಬಂದಿತ್ತು, ಗ್ವೆನ್ ಅಂತ. ಮೇಘಾ ಬರೆದು ಕೇಳಿದರೆ, ಅವಳ ಅಜ್ಜನ ತಮ್ಮ ಹಟ್ಟಿಯ ಗಣಿಯಲ್ಲಿ ದುಡಿದವನಂತೆ. ಅವಳು ಇರುವುದು ನಮ್ಮಿಂದ ಕಾರಿನಲ್ಲಿ ಎರಡು ತಾಸು ದೂರದ ಕಾರ್ಲ್ಸ್‌ಬಾಡ್‌ನಲ್ಲಿ.

ಮೇಘಾ ಡ್ರೈವ್ ಮಾಡಿದಳು. ಜೊತೆಗಿರಲಿ ಅಂತ ನನ್ನನ್ನೂ ಕರೆದರು. ಬಸಲಿಂಗವ್ವ ಎರಡು ತಾಸೂ ಶೇಂಗಾ ಹೋಳಿಗೆಯ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಗ್ವೆನ್‌ಗೆ ಎಂಬತ್ತು ದಾಟಿತ್ತು, ಒಬ್ಬಳೇ ಇದ್ದಳು. ಆ ಚಿಕ್ಕಜ್ಜ ಹಟ್ಟಿಯ ಸುದ್ದಿ ಎತ್ತಿದ್ದನ್ನು ಮನೆಯಲ್ಲಿ ಯಾರೂ ಕೇಳಿಲ್ಲವಂತೆ. ಮೇಘಾ ಅದನ್ನು ಕನ್ನಡದಲ್ಲಿ ಹೇಳಿದಳು. ಬಸಲಿಂಗವ್ವ ತಲೆಯಾಡಿಸಿ ಚಹಾ ಎತ್ತಿಕೊಂಡಳು.

ಹಿತ್ತಲ ಬಾಗಿಲಿನಿಂದ ನಾಯಿಯೊಂದು ಒಳಗೆ ಬಂತು. ಗ್ವೆನ್ ಕೈಚಾಚಿ ಕರೆದಳು: "ಕರಿಯಾದ್."

ಬಸಲಿಂಗವ್ವ ಚಹಾ ಕೆಳಗಿಟ್ಟಳು.

"ಸಾವಿತ್ರಕ್ಕ, ಆ ನಾಯಿ ಬೆಳ್ಳಗದ."

ಹೌದು, ಹಾಲಿನ ಹಾಗಿತ್ತು.

"ಬೆಳ್ಳನ್ನ ನಾಯಿಗೆ ಹಂಗ್ಯಾಕ ಕರೀತಾಳ? ಕೇಳ ಮೇಘಾ."

ಮೇಘಾ ಕೇಳಿದಳು. "ಅದು ನಾಯಿ ಹೆಸರಲ್ವಂತೆ ಅಜ್ಜಿ. ಅವ್ರ ಭಾಷೇಲಿ ಡಾರ್ಲಿಂಗ್ ಅಂತೆ. ಹಸ್ಬೆಂಡ್ ಇವ್ರನ್ನ ಹಂಗೇ ಕರೀತಿದ್ರಂತೆ. ಈಗ ಕರೆಯೋಕೆ ಈ ನಾಯಿ ಒಂದೇ ಅಂತೆ."

ಬಸಲಿಂಗವ್ವ ಬಗ್ಗಿ ಆ ನಾಯಿಯ ತಲೆ ಸವರಿದಳು.

ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ನಾವಿಬ್ಬರೇ. ಅರ್ಧ ದಾರಿಯಲ್ಲಿ ಹೇಳಿದಳು: "ಆ ದೊರಿ ನಮ್ಮಜ್ಜಿಗೆ ಬಿಟ್ಟು ಹೋದದ್ದು ಅದೊಂದ ಮಾತು. ಅದನ್ನ ಅಕ್ಕಗ ಕೊಡಲಿಲ್ಲ ನೋಡ್ರಿ, ನನಗ ಕೊಟ್ಲು."

ಸ್ವಲ್ಪ ಹೊತ್ತಿನ ಮೇಲೆ, "ಒಂದ್ ಸಲ ನೀವು ಕರೀರಿ," ಅಂದಳು.

"ಕರಿಯಾದ್," ಅಂದೆ.

"ಹಂಗಲ್ಲ. ಕಡೀಕ ಒಂಚೂರು ಎಳೀತಿದ್ಲು."

ಎಳೆದು ಕರೆದೆ. ಅವಳು ಕಿಟಕಿಯ ಕಡೆ ತಿರುಗಿ, "ಓ," ಅಂದಳು.

"ಅಜ್ಜಿ, ನನ್ನ ಕರೆದ್ರಾ?" ಎಂದಳು ಮೇಘಾ ಮುಂದಿನಿಂದ.

"ನಿನಗಲ್ಲವ್ವ. ನೀ ಡ್ರೈವ್ ಮಾಡು."