ಎಡಕ್ಕೆ ವಾಲಿದ ತಲೆಗಳು

ಆ ಬೀದಿಯ ಕ್ಷೌರದಂಗಡಿಯವನಿಗೆ ಜನ ಇಟ್ಟ ಹೆಸರು ನೇರಗೆರೆ. ಕತ್ತಿನ ಹಿಂದೆ ಅವನು ಕೂದಲು ಕತ್ತರಿಸಿ ನಿಲ್ಲಿಸಿದ ಗೆರೆ ಅಷ್ಟು ನೇರ, ಅದರ ಜಂಬವೂ ಅವನಿಗೆ ಅಷ್ಟೇ ಇತ್ತು. ಆದರೆ ಎರಡು ವರ್ಷದಿಂದ ಅವನ ಎರಡೂ ಕಣ್ಣಿನ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಪದರ, ಮಸುಕಾಗುತ್ತ ಬಂದಿತ್ತು. ಕುರ್ಚಿಯಲ್ಲಿ ಕೂತವನ ಮುಖವೇ ಕಾಣದು. ಸುದ್ದಿ ಹೊರಬಿದ್ದರೆ ಅಂಗಡಿ ಮುಚ್ಚಿದಂತೆ, ಅಂಗಡಿ ಮುಚ್ಚಿದರೆ ತಾನೂ ಮುಗಿದಂತೆ ಎಂದು ಹೆದರಿದವನು ಹೆಂಡತಿಯ ಬಾಯಿಗೂ ಬೀಗ ಹಾಕಿಸಿ, ಬೆರಳಿನಿಂದ ತಡವಿ ತಡವಿ ಕತ್ತರಿ ಆಡಿಸುತ್ತಿದ್ದ. ಗಡ್ಡ ಹೆರೆಯುವುದೊಂದನ್ನು ಬಿಟ್ಟಿದ್ದ, ಪುಣ್ಯಾತ್ಮ!

ಈ ಗುಟ್ಟು ಇಡೀ ಬೀದಿಗೆ ಗೊತ್ತಿತ್ತು. ಗೊತ್ತಾಗದೆ ಇರುತ್ತದೆಯೇ? ಪ್ರತಿಯೊಬ್ಬನೂ ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ತಿರುಗುತ್ತಿದ್ದ. ಗೊತ್ತಿದೆ ಎಂಬುದು ಗೊತ್ತಿಲ್ಲದವನು ಅವನೊಬ್ಬನೇ.

ಕೊನೆಗೆ ಹೆಂಡತಿ ಹಟ ಹಿಡಿದು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ತಂಗಿಯ ಮನೆಗೆ ಹೊರಟಿದ್ದೇನೆ ಎಂದು ಬೀದಿಗೆಲ್ಲ ಸುಳ್ಳು ಹೇಳಿಯೇ ಅವನು ಹೊರಟದ್ದು. ತೀರಿಹೋದ ಯಾರೋ ಪುಣ್ಯವಂತರು ದಾನ ಮಾಡಿದ ಕಾರ್ನಿಯಾ ಬಲಗಣ್ಣಿಗೆ ಸಿಕ್ಕಿತು. ಬ್ಲೇಡ್ ಬೇಡ, ಲೇಸರ್ ಬೆಳಕೇ ಕತ್ತರಿಸುತ್ತದೆ ಎಂದರು ಡಾಕ್ಟರಮ್ಮ. ಅಲಗೇ ಇಲ್ಲದ್ದು ಏನು ಕತ್ತರಿಸೀತು ಎಂದು ನಮ್ಮವನು ಮೂಗು ಮುರಿದ. ಕೆಟ್ಟ ಪದರವನ್ನೂ ಹೊಸದನ್ನೂ ಅದು ಒಂದೇ ಅಳತೆಗೆ, ಅಂಚಿನಲ್ಲಿ ಮೆಟ್ಟಿಲು ಬಿಟ್ಟು ಕತ್ತರಿಸುತ್ತದೆ, ಒಂದು ಇನ್ನೊಂದರಲ್ಲಿ ಕಚ್ಚಿ ಕೂರುತ್ತದೆ ಎಂದು ಆಕೆ ಬಿಡಿಸಿ ಹೇಳಿದರು. ಕೈ ನಡುಗಿದರೋ ಎಂದು ಕೇಳಿದ. ಅದಕ್ಕೆ ಕೈಯೇ ಇಲ್ಲವಲ್ಲಪ್ಪಾ ಎಂದು ಡಾಕ್ಟರಮ್ಮ ನಕ್ಕುಬಿಟ್ಟರು.

ಕಟ್ಟು ಬಿಚ್ಚಿದ ದಿನ ಲೋಕವೆಲ್ಲ ಹಾಲಿನಲ್ಲಿ ಅದ್ದಿದಂತಿತ್ತು. ವಾರ ಕಳೆದಂತೆ ತಿಳಿಯಾಯಿತು. ಮೊದಲು ಸ್ಪಷ್ಟವಾಗಿ ಕಂಡದ್ದು ಹೆಂಡತಿಯ ಮುಖ. ತಲೆ ಬೆಳ್ಳಗಾಗಿದೆಯಲ್ಲೇ ಎಂದುಬಿಟ್ಟ, ಪೆದ್ದ. ಇದನ್ನು ನೋಡೋದಕ್ಕಾ ಕಣ್ಣು ಬಂದದ್ದು ಎಂದು ಅವಳು ಬೈದಳು, ಬೈಯುತ್ತಲೇ ಅತ್ತಳು.

ಮೂರು ತಿಂಗಳ ಮೇಲೆ, ಡಾಕ್ಟರಮ್ಮ ಒಪ್ಪಿದ ಬಳಿಕ, ಕನ್ನಡಕ ಏರಿಸಿ ಅಂಗಡಿ ತೆರೆದ. ಬಾಗಿಲಲ್ಲೇ ಐದು ಜನ ಕಾದಿದ್ದರು. ಮೂರು ತಿಂಗಳಿಂದ ಒಬ್ಬನ ತಲೆಗೂ ಕತ್ತರಿ ಸೋಕಿರಲಿಲ್ಲ! ಮೊದಲು ಬಡಗಿ ಕೂತ. ಬಟ್ಟೆ ಹೊದಿಸಿ ಕತ್ತಿನ ಹಿಂದೆ ನೋಡಿದವನ ಕೈ ಅಲ್ಲೇ ನಿಂತಿತು. ಬೆಳೆದ ಕೂದಲಿನಲ್ಲೂ ಹಳೆಯ ಗೆರೆ ಎಡಕ್ಕೆ ಒಂದು ಬೆರಳು ಇಳಿದಿತ್ತು. ಉಳಿದವರನ್ನೂ ತಿರುಗಿಸಿ ತಿರುಗಿಸಿ ನೋಡಿದ. ಒಬ್ಬನದಾದರೆ ತಲೆಯದೇ ತಪ್ಪು ಎನ್ನಬಹುದಿತ್ತು. ಐದೂ ಎಡಕ್ಕೇ ವಾಲಿದ್ದವು.

ಅವನ ಮುಖ ಸಣ್ಣಗಾಯಿತು. "ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಯ್ತು," ಎಂದ ಬಡಗಿ.

"ನೂಲಿನಷ್ಟು ವಾರೆ ಇದ್ರೂ ಬಾಗಿಲು ಕಿತ್ತು ಮತ್ತೆ ಕೂರಿಸೋನು ನೀನು. ನನಗೆ ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ ನೀನು ಕತ್ತರಿ ಕೆಳಗಿಟ್ಟುಬಿಡ್ತಿದ್ದೆ. ಕೂದಲಿಗೇನು, ಮತ್ತೆ ಬೆಳೆಯುತ್ತೆ."

ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಕಣ್ಣು ತುಂಬಿತು. ಕಣ್ಣು ಉಜ್ಜಕೂಡದೆಂದು ಡಾಕ್ಟರಮ್ಮನ ಕಟ್ಟಪ್ಪಣೆ. ಹಾಗಾಗಿ ಕೈ ಇಳಿಬಿಟ್ಟುಕೊಂಡು ಸುರಿಯಲು ಬಿಟ್ಟು ನಿಂತ. ಬಡಗಿ ತನಗೆ ಹೊದಿಸಿದ್ದ ಬಟ್ಟೆಯ ತುದಿ ಎತ್ತಿ, ಕಣ್ಣಿಗೆ ತಾಗದಂತೆ ಅವನ ಕೆನ್ನೆ ಒರೆಸಿದ. ಆಮೇಲೆ ತಲೆ ಬಗ್ಗಿಸಿ ಕತ್ತು ಕೊಟ್ಟ.