ಮತ ಎಣಿಕೆಯ ದಿನ ಹಣ್ಣಾದ ಹುಳು

ಆಗ ಮತ ಎಣಿಕೆ ಅಂದರೆ ಎರಡು ದಿನದ ಕೆಲಸ. ಪೆಟ್ಟಿಗೆಯಿಂದ ಚೀಟಿ ಸುರಿದು, ಕಟ್ಟು ಕಟ್ಟಿ, ಕೈಯಲ್ಲೇ ಎಣಿಸಬೇಕು. ಟೀವಿಯವರು ಆಗಾಗ ಮುನ್ನಡೆ ಹಿನ್ನಡೆ ಹೇಳಿ, ಉಳಿದ ಹೊತ್ತು ತುಂಬಿಸಲು ಸಿನಿಮಾ ಹಾಕುತ್ತಿದ್ದರು. ನಾನು ರಾಮನಗರದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ. ರಾಜ್ಯಶಾಸ್ತ್ರದ ಮೇಷ್ಟ್ರು ನಾಲ್ಕು ನಾಲ್ಕು ಜನರ ಗುಂಪು ಮಾಡಿ, "ಒಟ್ಟಿಗೆ ಕೂತು ಫಲಿತಾಂಶ ನೋಡಿ, ಪಟ್ಟಿ ಮಾಡ್ಕಂಡು ಬನ್ನಿ" ಅಂದಿದ್ದರು.

ನಮ್ಮ ಗುಂಪಿನಲ್ಲಿ ನನ್ನ ಬಿಟ್ಟರೆ ಚನ್ನಪಟ್ಟಣದ ಹುಡುಗಿ, ಮಾಗಡಿಯ ಹುಡುಗ, ಕನಕಪುರದ ಹುಡುಗ. ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಲೇ ಮಾಗಡಿ, ಏನ್ಲಾ ಕನಕಪುರ, ಬಾರೇ ಚನ್ನಪಟ್ಣ, ಇಷ್ಟೇ. ನಾನು ಕೈಲಾಂಚ, ಅದು ರಾಮನಗರದ ಹತ್ತಿರದ ನಮ್ಮ ಹಳ್ಳಿ. ಹುಡುಗರ ಹಾಸ್ಟೆಲಿನಲ್ಲಿ ಟೀವಿ ಇರಲಿಲ್ಲ. ಚನ್ನಪಟ್ಟಣದವಳ ಮನೆಗೆ ಹುಡುಗರನ್ನು ಕರೆಯುವ ಹಾಗಿರಲಿಲ್ಲ. "ನಮ್ಮನೆಗೇ ಬನ್ನಿ" ಅಂದುಬಿಟ್ಟೆ. ಮೇಷ್ಟ್ರು ಹೇಳಿದ ಕೆಲಸ ಅಂದಮೇಲೆ ಅವ್ವ ಬೇಡ ಅನ್ನಲಿಲ್ಲ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹಿಂದಿನ ಎರಡು ಬೆಳೆಯ ಹುಳು ಸುಣ್ಣಕಟ್ಟು ರೋಗ ಬಂದು ತಟ್ಟೆಯಲ್ಲೇ ಸತ್ತುಹೋಗಿದ್ದವು. ಮೂರನೆಯದಕ್ಕೆ ಮರಿ ತಂದ ದಿನ ಅಪ್ಪ ನನ್ನನ್ನು ಕೂರಿಸಿಕೊಂಡು, "ಇದೂ ಹೋದ್ರೆ ಕಾಲೇಜು ಸಾಕು ಕಣವ್ವ. ನಿಮ್ಮವ್ವ ಒಬ್ಳೇ ಎಷ್ಟೂಂತ ಸಾಯ್ತಾಳೆ? ಮನೇಲಿದ್ದು ಹುಳ ನೋಡ್ಕೊ" ಅಂದಿದ್ದ. ಅವನು ಕೋಪದಲ್ಲಿ ಹೇಳಿದ್ದರೆ ಜಗಳವಾಡಬಹುದಿತ್ತು. ಮೆಲ್ಲಗೆ ಹೇಳಿದ್ದ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಕಪ್ಪಾಗಿದ್ದ ಅವ್ವನ ಬೆರಳು ನನಗೂ ಕಾಣುತ್ತಿತ್ತು.

ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಏಳೆಂಟು ದಿನ ಎಡೆಬಿಡದೆ ತಿಂದು ಹಣ್ಣಾಗುತ್ತದೆ, ಅಂದರೆ ಮೈ ಹಳದಿಗೆ ತಿರುಗಿ, ನೂಲು ಬಿಡಲು ಜಾಗ ಹುಡುಕುತ್ತಾ ತಲೆ ಎತ್ತುತ್ತದೆ. ಆಗ ತಡ ಮಾಡದೆ ಒಂದೊಂದನ್ನೇ ಆರಿಸಿ, ಬಿದಿರಿನ ಸುರುಳಿ ಕಟ್ಟಿದ ಚಂದ್ರಿಕೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಎಲ್ಲ ಕೊಳೆಯಾಗುತ್ತದೆ. ಎಣಿಕೆಯ ದಿನಕ್ಕೆ ಜ್ವರ ಎದ್ದು ಆರು ದಿನ. "ಇನ್ನೂ ಎರಡು ದಿನ ಐತೆ" ಅಂದೆ ನಾನು. ಅಪ್ಪ ನನ್ನ ಮಾತು ನಂಬಿ, ಕಮ್ಮಿ ಬಿದ್ದಿದ್ದ ಚಂದ್ರಿಕೆ ತರಲು ಮಧ್ಯಾಹ್ನ ಕೂಟಗಲ್ಲಿನ ಅತ್ತೆ ಮನೆಗೆ ಹೋದ. ಆ ವಾರ ಬಿಸಿಲು ವಿಪರೀತ ಇತ್ತು, ಸೆಕೆಗೆ ಹುಳು ಬೇಗ ಹಣ್ಣಾಗುತ್ತದೆ. ಹುಟ್ಟಿದಾಗಿನಿಂದ ನೋಡಿದ ಸಂಗತಿ, ಅವತ್ತು ಮಾತ್ರ ನನ್ನ ತಲೆಗೆ ಬರಲಿಲ್ಲ. ತಲೆ ತುಂಬ ಗೆಳೆಯರು ಬರುವ ಸಂಭ್ರಮ.

ಮೂರು ಗಂಟೆ ಬಸ್ಸಿಗೆ ಮೂವರೂ ಬಂದಿಳಿದರು. ಚನ್ನಪಟ್ಟಣದವಳು ಎರಡು ಮೊಳ ಮಲ್ಲಿಗೆ ಮುಡಿದು, ಮುಖಕ್ಕೆ ಪೌಡರ್ ಹಾಕಿಕೊಂಡು ಬಂದಿದ್ದಳು. ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಳಿಕ್ಕೆ ಬರ್ಬ್ಯಾಡ ಕಣವ್ವ, ಬೇಜಾರ್ ಮಾಡ್ಕಬ್ಯಾಡ. ಹುಳಕ್ಕೆ ವಾಸ್ನೆ ಆಗಕಿಲ್ಲ."

"ಅಯ್ಯೋ, ಹುಳಕ್ಕೆ ಮೂಗೂ ಐತಾ ಅಮ್ಮ?"

"ನಿನ್ಗಿಂತ ಚೆನ್ನಾಗೈತೆ" ಅಂದ ಕನಕಪುರದವನು. ಅವನದೂ ಹುಳು ಸಾಕುವ ಮನೆಯೇ.

ಪಡಸಾಲೆ ತುಂಬ ಹುಳದ ತಟ್ಟೆಗಳಿದ್ದುದರಿಂದ ಟೀವಿಯನ್ನು ಜಗಲಿಗೆ ತಂದು ಸ್ಟೂಲಿನ ಮೇಲಿಟ್ಟಿದ್ದೆವು. ಹುಳು ಇರುವಾಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಕಡ್ಲೆಪುರಿ, ಬೆಲ್ಲ, ಬಾಳೆಹಣ್ಣು ಕೊಟ್ಟು ಅವ್ವ ಸಂಜೆಯ ಮೇವಿಗೆ ಸೊಪ್ಪು ತರಲು ತೋಟಕ್ಕೆ ಹೋದಳು. ಮಾಗಡಿಯವನು ಸ್ಕೇಲು ಹಿಡಿದು ನೋಟ್‌ಬುಕ್ಕಿನಲ್ಲಿ ನೀಟಾಗಿ ಗೆರೆ ಎಳೆದ. ನಮ್ಮಜ್ಜಿ ಟೀವಿ ಮುಂದೆಯೇ ಕೂತಿತು.

"ಈ ಯಪ್ಪ ಗೆದ್ನಾ?"

"ಇಲ್ಲ ಅಜ್ಜಿ, ಅವ್ರು ಸುದ್ದಿ ಓದೋರು."

"ಆವಾಗ್ಲಿಂದ ಅವ್ನೇ ಬತ್ತಾವ್ನೆ. ಅವ್ನೇ ಮುಂದೆ ಇರಾದು ಅನ್ಕಂಡೆ."

ಮಾಗಡಿಯವನು ನಕ್ಕು ನಕ್ಕು ಪುರಿ ನೆತ್ತಿಗೇರಿಸಿಕೊಂಡ. ಆಮೇಲೆ ಸಿನಿಮಾ ಶುರುವಾಯಿತು. ಅಜ್ಜಿಗೆ ಕಿವಿ ಮಂದ ಅಂತ ಸೌಂಡು ಜೋರು ಮಾಡಿದೆವು. ಒಂದು ಹಾಡಿನ ಮಧ್ಯದಲ್ಲಿ ಕರೆಂಟು ಹೋಯಿತು. ಎಲ್ಲರೂ ಥತ್ ಅಂದೆವು. ಕನಕಪುರದವನು ಮಾತ್ರ ಪಡಸಾಲೆಯ ಕಡೆಗೆ ಕಿವಿ ಕೊಟ್ಟು ಕೂತ.

"ಲೇ ಕೈಲಾಂಚ, ನಿಮ್ಮನೆ ಹುಳ ಯಾಕೆ ಮೇಯ್ತಿಲ್ಲ?"

ದೊಡ್ಡ ಹುಳು ಮೇಯುವಾಗ ಹಂಚಿನ ಮೇಲೆ ಮಳೆ ಬಿದ್ದಂತೆ ಸದ್ದಾಗುತ್ತದೆ. ಒಳಗೆ ಸದ್ದೇ ಇರಲಿಲ್ಲ. ಓಡಿಹೋಗಿ ಸೊಪ್ಪು ಸರಿಸಿದೆ. ಎಲ್ಲ ಹಳದಿ. ಎಲ್ಲ ತಲೆ ಎತ್ತಿದ್ದವು. ಕೆಲವು ತಟ್ಟೆಯ ಅಂಚಿಗೆ ಬಂದು ಆಗಲೇ ನೂಲು ಹಚ್ಚುತ್ತಿದ್ದವು. ನನ್ನ ಕಾಲೇಜು ಅಲ್ಲೇ, ಆ ತಟ್ಟೆಗಳಲ್ಲೇ ಮುಗಿದುಹೋಯಿತು ಅನ್ನಿಸಿತು.

ಮಾಗಡಿಯವನು ತೋಟಕ್ಕೆ ಓಡಿದ. ಅವ್ವ ಬಂದವಳು ಸೊಪ್ಪಿನ ಹೊರೆಯನ್ನು ಅಂಗಳದಲ್ಲೇ ಬಿಸಾಕಿ, "ಎಲ್ಡು ದಿನ ಐತೆ ಅಂದಿದ್ದಲ್ಲವ್ವ" ಅಂದಳು. ಅಷ್ಟೇ. ಬೇರೆ ದಿನವಾಗಿದ್ದರೆ ಹುಳು ಹಣ್ಣಾದ ಮನೆಗೆ ಬೀದಿಯೇ ಕೈಜೋಡಿಸಲು ಬರುತ್ತಿತ್ತು. ಅವತ್ತು ಅರ್ಧ ಊರು ಎಣಿಕೆ ನೋಡಲು ರಾಮನಗರಕ್ಕೆ ಹೋಗಿತ್ತು.

"ನಾವಿದೀವಲ್ಲಮ್ಮ" ಅಂದಳು ಚನ್ನಪಟ್ಟಣದವಳು. ಮಲ್ಲಿಗೆ ಬಿಚ್ಚಿ ಅಜ್ಜಿಯ ಮಡಿಲಿಗೆ ಹಾಕಿ, ಬಚ್ಚಲಿಗೆ ಹೋಗಿ ಮುಖ ಕೈಕಾಲು ತಿಕ್ಕಿ ತೊಳೆದುಕೊಂಡು ಬಂದಳು. ಅವ್ವ ಬಾಗಿಲಲ್ಲೇ ನಿಂತಿದ್ದಳು. ಹೊರಗಿನವರು ಹುಳದ ಹತ್ತಿರ ಬಂದರೆ ಬೆಳೆ ಕೆಡುತ್ತದೆ ಅಂತ ಅತ್ತೆಯಂದಿರನ್ನೂ ಒಳಗೆ ಬಿಡದವಳು. ಕೊನೆಗೆ ಬಾಗಿಲಿಂದ ಪಕ್ಕಕ್ಕೆ ಸರಿದಳು.

"ಹಿಸುಕ್ಬ್ಯಾಡ, ಹೂ ಬಿಡ್ಸಿದಂಗೆ ಎತ್ತು" ಅಂತ ಕನಕಪುರದವನು ಹೇಳಿಕೊಟ್ಟ. "ಹಸ್ರು ಇರೋವ್ನ ಬುಡು, ಹಳ್ದಿ ಆಗಿರೋವು ಮಾತ್ರ."

"ಮೆತ್ತಗವೆ ಕಣ್ರೋ!" ಮಾಗಡಿಯವನು ಕೈ ಕೊಡವಿದ.

"ಕಲ್ಲಂಗಿರ್ಬೇಕಿತ್ತೇನ್ಲಾ? ಹಿಡಿಲಾ!"

ಚನ್ನಪಟ್ಟಣದವಳದು ಗೊಂಬೆಗೆ ಬಣ್ಣ ಹಚ್ಚುವ ಮನೆ. ಅವಳ ಬೆರಳು ಎಷ್ಟು ಚುರುಕೆಂದರೆ ಅರ್ಧ ಗಂಟೆಯಲ್ಲಿ ನನ್ನನ್ನೇ ಹಿಂದೆ ಹಾಕಿದಳು. ಕರೆಂಟು ಬಂತು. ಪಟ್ಟಿ ಬರೆಯುವವರು ಯಾರೂ ಇರಲಿಲ್ಲವಾಗಿ ಫಲಿತಾಂಶ ನೋಡುವ ಕೆಲಸ ಅಜ್ಜಿಯದಾಯಿತು. ಜಗಲಿಯಿಂದಲೇ ಕೂಗುತ್ತಿತ್ತು. "ಮೀಸೆಯೋನು ಗೆದ್ದ ಕಣ್ರಪ್ಪ! ಹಾರ ಹಾಕ್ತಾವ್ರೆ!"

"ಯಾವ ಊರೋನು ಅಜ್ಜಿ?"

"ನಂಗೇನ್ ಗೊತ್ತು? ದೊಡ್ಡ ಮೀಸೆ."

ಐದೂವರೆ ಹೊತ್ತಿಗೆ ಮನೆಯಲ್ಲಿದ್ದ ಚಂದ್ರಿಕೆ ಎಲ್ಲ ತುಂಬಿದವು. ಇನ್ನೂ ಹತ್ತು ತಟ್ಟೆ ಹುಳು ಹಾಗೇ ಇತ್ತು. ಆರಿಸಿದ ಹುಳು ಹಿಡಿದು ನಾವು ಬಾಗಿಲು ನೋಡುತ್ತಾ ಕೂತೆವು. ಅವ್ವ ತಟ್ಟೆಯ ಅಂಚಿನ ನೂಲನ್ನು ಬಿಡಿಸುತ್ತಲೇ ಇದ್ದಳು, ಹುಳು ಮತ್ತೆ ಹಚ್ಚುತ್ತಲೇ ಇತ್ತು. ಆಗ ಗಾಡಿಯ ಸದ್ದಾಯಿತು. ಅತ್ತೆ ಮನೆಯ ಟೀವಿ ಮುಂದೆ ಕೂತು ಹೊತ್ತು ಮಾಡಿದ್ದ ಅಪ್ಪ ಚಂದ್ರಿಕೆ ಹೇರಿಕೊಂಡು ಬಂದಿದ್ದ. ಹೊಸಿಲಲ್ಲಿ ನಿಂತು ನಮ್ಮನ್ನೆಲ್ಲ ನೋಡಿದ.

"ಯಾರ್ನ ಕೇಳಿ ಇವ್ರ್ನ ಒಳಿಕ್ ಬುಟ್ಟೆ?"

"ಕೇಳಕೆ ನೀನಿದ್ದಾ ಇಲ್ಲಿ? ಮೊದ್ಲು ಚಂದ್ರಿಕೆ ಇಳ್ಸು" ಅಂದಳು ಅವ್ವ.

ಅಪ್ಪ ಇಳಿಸಿದ. ತಪ್ಪು ನನ್ನದು ಅಂತ ಹೇಳಲು ಹೋದೆ. "ಆಮ್ಯಾಕೆ" ಅಂದು ಮಾಗಡಿಯವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ದೀಪ ಹಾಕುವ ಹೊತ್ತಿಗೆ ಕೊನೆಯ ತಟ್ಟೆ ಖಾಲಿ. ಏಳರ ಬಸ್ಸಿಗೆ ಮೂವರನ್ನೂ ಅಪ್ಪನೇ ಹತ್ತಿಸಿ ಬಂದ. ಮೇಷ್ಟ್ರಿಗೆ ನಾವು ಕೊಟ್ಟ ಪಟ್ಟಿಯಲ್ಲಿ ಅಚ್ಚುಕಟ್ಟಾದ ಗೆರೆಗಳೇ ಹೆಚ್ಚಿದ್ದವು. ಅವರು ಕಾರಣ ಕೇಳಿ, ಮೀಸೆಯವನ ಸುದ್ದಿಗೆ ನಕ್ಕು, ಪೇಪರ್ ನೋಡಿ ತುಂಬಿಕೊಂಡು ಬರಲು ಹೇಳಿದರು.

ಆರನೇ ದಿನ ಗೂಡು ಬಿಡಿಸಿದೆವು. ಅಂಚಿನಲ್ಲಿ ಕಟ್ಟಿದ ಒಂದು ಮೊರದಷ್ಟು ಕೊಳೆಯಾಗಿದ್ದವು, ಉಳಿದದ್ದೆಲ್ಲ ಗಟ್ಟಿ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ನೂಲು ತೆಗೆಯುವವರೊಬ್ಬರು ಗೂಡನ್ನು ಬೆರಳಲ್ಲಿ ಒತ್ತಿ ನೋಡಿ ತಲೆ ಆಡಿಸಿದರು. "ಕಾಲೇಜ್ ಹುಡುಗ್ರು ಹಾಕಿದ್ ಹುಳ ಸಾಬ್ರೆ" ಅಂದ ಅಪ್ಪ, ಅವರು ಕೇಳದಿದ್ದರೂ.

ವ್ಯಾಪಾರ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದೆ. "ಆಕಡೆ ಅಲ್ಲ, ನಿನ್ ಕಾಲೇಜ್ ತೋರ್ಸು" ಅಂದ. ಖಾಲಿ ಚೀಲಗಳನ್ನು ಹೆಗಲ ಮೇಲೆ ಹಾಕಿಕೊಂಡೇ ನಮ್ಮ ಕ್ಲಾಸಿಗೆ ಬಂದು, ಮುಂದಿನ ಬೆಂಚಿನಲ್ಲಿ ಕೂತು ಹಲಗೆ ನೋಡಿದ.

"ಇಲ್ಲೇನಾ ನೀನು ಕೂರಾದು?"

"ಇಲ್ಲ, ಎರಡನೇ ಸಾಲು, ಕಿಟಕಿ ಪಕ್ಕ."

ಎದ್ದು ಹೋಗಿ ಅಲ್ಲಿ ಕೂತ. ಬೆಂಚು ಸಣ್ಣದು, ಮೊಣಕಾಲು ತಾಗುತ್ತಿತ್ತು. "ಮುಂದ್ಲ ವರ್ಸಕ್ಕೆ ಅರ್ಜಿ ಎಲ್ಲಿ ಕೊಡ್ತಾರೆ?" ಅಂದ. ಆಫೀಸಿನಲ್ಲಿ ಅಂದೆ. ನಾನು ದಾರಿ ತೋರಿಸುವ ಮೊದಲೇ ಎದ್ದು ಹೊರಗೆ ಹೋದ. ಆಫೀಸು ಯಾವ ಕಡೆ ಅಂತ ಯಾರನ್ನೋ ಕೇಳುತ್ತಿದ್ದ ಅವನ ದನಿ ಕಾರಿಡಾರಿನ ಉದ್ದಕ್ಕೂ ಕೇಳುತ್ತಿತ್ತು.