ಮಸ್ಕತ್ತಿನವನ ರಜಾ

ಬಸವಕಲ್ಯಾಣದ ನಮ್ಮ ದೂರದ ಸಂಬಂಧಿಕನೊಬ್ಬ ಮಸ್ಕತ್ತಿನಲ್ಲಿ ನೌಕರಿ ಮಾಡುತ್ತಿದ್ದ. ಊರ ಕಡೆಯಿಂದ ಯಾರೇ ಹೋದರೂ ಅವನ ಮನೆಯಲ್ಲೇ ಇಳಿಯುವುದು. ನಾನೂ ಹುಮನಾಬಾದಿನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೋದೆ, ಮೂರು ದಿನ ಅಂದವನು ಆರು ದಿನ ಉಳಿದೆ. ಇದ್ದ ಒಂದೇ ಮಲಗುವ ಕೋಣೆ ನನಗೆ ಬಿಟ್ಟು, ಗಂಡಹೆಂಡತಿ ಹೊರಗೆ ಸೋಫಾದ ಪಕ್ಕ ಚಾದರ ಹಾಸಿಕೊಳ್ಳುತ್ತಿದ್ದರು. ಬೆಳಿಗ್ಗೆ ನನ್ನ ಚಹಾ ಮುಗಿಯುವ ಮೊದಲೇ ಅವನು ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ.

"ಡ್ಯೂಟಿ ಇಲ್ಲೇನೋ?"

"ರಜಾ ಅದರಿ ಅಣ್ಣಾ, ನಡೀರಿ."

ಐದನೇ ದಿನ ನಾನು ಎಷ್ಟು ಜಗ್ಗಿದರೂ ಬ್ಲಾಂಕೆಟ್ ಅಂಗಡಿಯವ ದರ ಇಳಿಸಲಿಲ್ಲ.

"ನಾಳಿ ಮತ್ತ ಬಂದ್ರ ತಾನೇ ಮೆತ್ತಗಾಗ್ತಾನ ನೋಡು" ಅಂದೆ.

"ಬರೋಣ್ರಿ, ರಜಾ ಅದ" ಅಂದ. ಮರುದಿನ ನಾನೇ ಗೆದ್ದೆ. ಬ್ಲಾಂಕೆಟ್ಟಿನ ಗಂಟು ಕಾರಿನವರೆಗೆ ನಮ್ಮ ಸಂಬಂಧಿಕನೇ ಹೊತ್ತ.

ಅದೇ ವರ್ಷ ಬಸವಕಲ್ಯಾಣದಲ್ಲಿ ಅವನ ತಂಗಿಯ ಮದುವೆ. ಹೆಂಡತಿ ಒಬ್ಬಳೇ ಬಂದಿದ್ದಳು.

"ತಂಗಿ ಮದಿವಿಗಿ ಬರಾಕೂ ಪುರುಸೊತ್ತಿಲ್ಲೇನವ್ವಾ ಅವಂಗ?" ಎಂದು ಚೇಷ್ಟೆ ಮಾಡಿದೆ.

"ರಜಾ ಮುಗದಾವ್ರಿ ಅಣ್ಣಾ. ಈ ವರ್ಷ ಮನಿಗಿ ಮಂದಿ ಭಾಳ ಬಂದ್ರಲ್ಲ" ಅಂದಳು. ಚುಚ್ಚಿ ಅಂದ ಮಾತಲ್ಲ, ಇದ್ದದ್ದು ಹೇಳಿದಳು.

ಪರದೇಶಕ್ಕೆ ನೆಂಟರಾಗಿ ಹೋಗುವವರು ಮೊದಲು ಆ ಮನೆಯವರ ರಜೆ ಎಷ್ಟು ಉಳಿದಿದೆ ಎಂದು ಕೇಳಿಕೊಳ್ಳಿರಿ. ಎಲ್ಲದರ ದರ ಕೇಳುವ ನಾನು ಅದೊಂದು ಕೇಳಲಿಲ್ಲ.

ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಹೊತ್ತಿಗೆ ಅವನ ಹೆಂಡತಿ ವಿಡಿಯೋ ಕಾಲ್ ಹಚ್ಚಿ ಫೋನು ಎತ್ತಿ ಹಿಡಿದಳು. ಡ್ಯೂಟಿ ಬಟ್ಟೆಯಲ್ಲಿದ್ದ ಅವನು ತಂಗಿಯನ್ನು ನೋಡಿ ಕಣ್ಣೊರೆಸಿಕೊಂಡ. ಆಮೇಲೆ ತಂಗಿಯ ಹಿಂದೆ ನಿಂತ ನಾನು ಅವನ ಕಣ್ಣಿಗೆ ಬಿದ್ದೆ.

"ಅಣ್ಣಾ," ಅಂದ, "ಊಟಾ ಮಾಡದ ಹೋಗಬ್ಯಾಡ್ರಿ."